ಜೆಲ್ಲಿನ ತಳದ ಮಸುಕು ಗೆರೆ

ನಿಜಗುಣ ಮೇಷ್ಟ್ರು ವಿಜ್ಞಾನಿ. ಮೊಟ್ಟೆಯೊಳಗಿನ ಕೋಳಿಮರಿಗೆ ಮಿದುಳು ಹೇಗೆ ಮೂಡುತ್ತದೆ ಎಂದು ಹುಡುಕುವುದು ಅವರ ಕೆಲಸ. ಹಲೀಮಾ ಅವರ ಶಿಷ್ಯೆ. ಮರಿಯ ಮಿದುಳಿನಿಂದ, ಕೋಶಕ್ಕೆ ಸಂದೇಶ ಒಯ್ಯುವ ಆರ್‌ಎನ್‌ಎ ತೆಗೆದು ದಿನವೂ ಜೆಲ್ಲಿನಲ್ಲಿ ಓಡಿಸುತ್ತಿದ್ದಳು. ಜೆಲ್ ಎಂದರೆ ಹಾಲುಬಾಯಿಯಂತೆ ಮೆತ್ತಗಿನ ತೆಳು ಹಲಗೆ. ಕರೆಂಟು ಕೊಟ್ಟರೆ ದೊಡ್ಡ ಆರ್‌ಎನ್‌ಎ ಮೇಲೇ ಉಳಿಯುತ್ತದೆ, ಸಣ್ಣದು ತಳಕ್ಕೆ ಓಡುತ್ತದೆ.

ಒಮ್ಮೆ ತಳದಲ್ಲಿ ಮಸುಕು ಗೆರೆಯೊಂದು ಕಂಡಿತು. ಎರಡು ದಿನದ ಮರಿಯಲ್ಲಿ ಇಲ್ಲ, ನಾಲ್ಕು ದಿನದ ಮರಿಯಲ್ಲಿ ಇದೆ. ಹತ್ತು ಸಲ ಮಾಡಿದಳು, ಹತ್ತು ಸಲವೂ ಹಾಗೇ.

"ಸರ್, ನನಗೆ ಸಿಕ್ಕಿರೋ ಹೊಸದು ಇದೊಂದೇ. ಆರು ತಿಂಗಳು ಇದನ್ನೇ ನೋಡಲಾ?"

ಮೇಷ್ಟ್ರು ಕನ್ನಡಕವನ್ನೂ ಹಾಕಿಕೊಳ್ಳಲಿಲ್ಲ. "ಅದು ಮುರಿದ ಚೂರು ಕಣಮ್ಮಾ, ಕಸ. ಅರ್ಧ ಗಂಟೆ ಜಾಸ್ತಿ ಓಡಿಸು, ಕೆಳಗೆ ಬಿದ್ದುಹೋಗುತ್ತೆ. ಫೋಟೋ ಚೆನ್ನಾಗಿ ಬರುತ್ತೆ."

ಆಗ ಎಷ್ಟೋ ಕಡೆ ಹಾಗೇ ಮಾಡುತ್ತಿದ್ದರು, ಇವರೊಬ್ಬರನ್ನೇ ಬೈದು ಪ್ರಯೋಜನವಿಲ್ಲ. ಆದರೂ ಒಮ್ಮೆ ಬಗ್ಗಿ ನೋಡಿದ್ದರೆ ಅವರ ಗಂಟೇನು ಹೋಗುತ್ತಿತ್ತು?

ಹಲೀಮಾ ಎದುರಾಡಲಿಲ್ಲ. ಅರ್ಧ ಗಂಟೆ ಜಾಸ್ತಿ ಓಡಿಸಿದಳು, ಗೆರೆ ಜಾರಿ ಜೆಲ್ಲಿನ ಕೆಳಗಿನ ತೊಟ್ಟಿಯ ನೀರಿಗೆ ಬಿತ್ತು. ಆ ನೀರನ್ನು ಸಿಂಕಿಗೆ ಚೆಲ್ಲಿದಳು. ಥೀಸಿಸ್ ಮುಗಿಯಿತು. ಅದರಲ್ಲಿ ಹೊಸದೇನೂ ಇರಲಿಲ್ಲ, ಹಾಗಾಗಿ ಸಂಶೋಧನೆಯ ಕೆಲಸ ಎಲ್ಲೂ ಸಿಗಲಿಲ್ಲ. ಕಾಲೇಜೊಂದರಲ್ಲಿ ಪಾಠ ಹೇಳಲು ಸೇರಿದಳು.

ಹನ್ನೆರಡು ವರ್ಷದ ಮೇಲೆ ಮೇಷ್ಟ್ರು ವಿಜ್ಞಾನ ಪತ್ರಿಕೆ ಓದುತ್ತಾ ಬೆವೆತುಹೋದರು. ಬೇರೆ ಯಾರೋ ಅದೇ ಗೆರೆಯನ್ನು ಹಿಡಿದಿದ್ದರು. ಅದು ಚೂರಲ್ಲ, ಪುಟ್ಟ ಆರ್‌ಎನ್‌ಎ. ಎಳೆಯ ಮಿದುಳಿನ ಕೋಶಗಳು ಬರೀ ಹೆಚ್ಚುತ್ತಾ ಹೋಗುವಾಗ ಅದು 'ಹೆಚ್ಚಿ, ಹೆಚ್ಚಿ' ಎನ್ನುವ ದೊಡ್ಡ ಆರ್‌ಎನ್‌ಎಗಳಿಗೆ ಅಂಟಿಕೊಂಡು ಬಾಯಿ ಮುಚ್ಚಿಸುತ್ತದೆ. 'ಹೆಚ್ಚಿದ್ದು ಸಾಕು, ಇನ್ನು ನರಕೋಶಗಳಾಗಿ' ಎನ್ನುತ್ತದೆ. ಆ ಮಾತು ಹೊತ್ತಿಗೆ ಸರಿಯಾಗಿ ಬರದಿದ್ದರೆ ಮಿದುಳು ಸರಿಯಾಗಿ ಮೂಡುವುದಿಲ್ಲ.

ಮೇಷ್ಟ್ರು ಹಲೀಮಾಳ ಹಳೆಯ ನೋಟ್‌ಬುಕ್ ತೆಗೆದರು. ನಾಲ್ಕು ದಿನದ ಮರಿಯ ಪ್ರತಿ ಜೆಲ್ಲಿನ ಚಿತ್ರದ ತಳದಲ್ಲೂ ಪೆನ್ಸಿಲ್ಲಿನ ಸಣ್ಣ ಗೆರೆ ಇತ್ತು. ಅವರು ಕಸ ಎಂದ ದಿನದಿಂದ ಆಚೆಗೆ ಇರಲಿಲ್ಲ.

ಮಾರನೆಯ ದಿನವೇ ಅವಳ ಕಾಲೇಜಿಗೆ ಹೋದರು.

"ನೀನು ಸರಿಯಾಗೇ ನೋಡಿದ್ದೆ ಕಣಮ್ಮಾ. ನಾನೇ ನೋಡಲಿಲ್ಲ. ತಪ್ಪಾಯ್ತು."

"ನಾನೂ ಇನ್ನೊಂದು ಸಲ ಹೇಳಬಹುದಿತ್ತು ಸರ್, ಹೇಳಲಿಲ್ಲ," ಎಂದಳು ಹಲೀಮಾ. "ಈಗಲೂ ಸಿಂಕಿನ ಮುಂದೆ ನಿಂತರೆ ಆ ನೀರು ನೆನಪಾಗುತ್ತೆ."

ಅವಳು ತರಿಸಿದ ಕಾಫಿ ಹಾಗೇ ಆರಿಹೋಯಿತು.

ನೀತಿ: ಸಣ್ಣದು ಎಂದು ಎಸೆಯುವ ಮೊದಲು ಬಗ್ಗಿ ನೋಡಿ. ಚಿಕ್ಕವರು ಏನಾದರೂ ತೋರಿಸಿದರೆ ಕನ್ನಡಕ ಹಾಕಿಕೊಂಡು ನೋಡಿ. ತಪ್ಪಾಯ್ತು ಎಂದು ಯಾವತ್ತಾದರೂ ಹೇಳಬಹುದು, ಆದರೆ ಅವರು ಕಳೆದುಕೊಂಡ ವರ್ಷಗಳನ್ನು ಕೊಡಲು ಆಗುವುದಿಲ್ಲ.