ಜೋಡಿ ನೋಡದೆ ತಂದ ಡಿರೇಲರ್

“ಅಜ್ಜಾರ, ಚಲೋದು ಅಂತ ಆರಿಸಿ ತಂದದ್ದು ಯಾಕ ಕೆಲಸಕ್ಕ ಬರೂದಿಲ್ಲ?”

ಹೀಗೆ ಕೇಳಿದವನು ಗುರುಸಿದ್ದ. ಮಠದಲ್ಲಿ ಎಲ್ಲರೂ ಗುರುಗಳನ್ನು ಅಜ್ಜಾರೆಂದೇ ಕರೆಯುತ್ತಿದ್ದರು. ದಾಸೋಹದ ಹಳೆಯ ಅಡುಗೆಯವರು ತೀರಿಕೊಂಡ ಮೇಲೆ ಊರ ಹಿರಿಯರು ಈ ಶಿಷ್ಯನನ್ನು ಹುಡುಕಿ ತಂದು ಆ ಜಾಗದಲ್ಲಿ ನಿಲ್ಲಿಸಿದ್ದರು. ಅವನ ಕೈರುಚಿಯನ್ನು ಹೊಗಳದವರಿಲ್ಲ. ಆದರೆ ಅವನ ಸಾರು ಕುದಿದು ಇಳಿಯುವ ಹೊತ್ತಿಗೆ ರೊಟ್ಟಿ ಬಡಿಯುವ ಹೆಂಗಸರು ಇನ್ನೂ ಹಿಟ್ಟು ನಾದುತ್ತಿದ್ದರು. ಹೊರಗೆ ಪಂಕ್ತಿ ಕಾಯುತ್ತಿತ್ತು, ಒಳಗೆ ದಿನವೂ ಜಗಳ. ದೋಷ ತನ್ನದೇ ಎಂದು ತಿಳಿದು, ಮಠ ಬಿಟ್ಟು ಹೋಗಲು ಗಂಟು ಕಟ್ಟಿಟ್ಟೇ ಅವನು ಬಂದಿದ್ದ.

ಗುರುಗಳು ಒಂದು ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ರೈತನಿದ್ದ. ಅವನ ಮಗಳು ಸೈಕಲ್ ಓಟದಲ್ಲಿ ಗಟ್ಟಿಗಿತ್ತಿ. ಕ್ರೀಡಾ ಶಾಲೆಗೆ ಸೇರಬೇಕು ಎನ್ನುವುದೊಂದೇ ಅವಳ ಆಸೆ. ಆಯ್ಕೆಯ ಓಟ ಹತ್ತಿರ ಬಂದಾಗಲೇ ಅವಳ ಗೇರ್ ಸೈಕಲ್ಲಿನ ಮುಂದಿನ ಡಿರೇಲರ್ ಮುರಿಯಿತು. ಅದೇನೂ ದೊಡ್ಡ ವಸ್ತುವಲ್ಲ. ಪೆಡಲಿನ ಪಕ್ಕದಲ್ಲಿ ಹಲ್ಲಿನ ಚಕ್ರ ಸಣ್ಣದೊಂದು, ದೊಡ್ಡದೊಂದು ಇರುತ್ತವೆ. ಹ್ಯಾಂಡಲಿನ ಗೇರು ಒತ್ತಿದರೆ ತಂತಿ ಬಿಗಿಯುತ್ತದೆ, ತಂತಿ ಬಿಗಿದರೆ ಡಿರೇಲರ್ ಚೈನನ್ನು ಸಣ್ಣದರಿಂದ ದೊಡ್ಡದಕ್ಕೆ ದೂಡುತ್ತದೆ. ಅಷ್ಟೇ ಅದರ ಕೆಲಸ. ಆದರೆ ಅದಿಲ್ಲದೆ ಬಯಲಿನಲ್ಲಿ ವೇಗ ಸಿಗದು, ಏರಿನಲ್ಲಿ ಉಸಿರು ಉಳಿಯದು.

ರೈತ ಬಸ್ಸು ಹತ್ತಿ ಪಟ್ಟಣದ ವ್ಯಾಪಾರಿಯ ಅಂಗಡಿಗೆ ಹೋದ.

“ಯಾವ ಸೈಕಲ್ಲಿಗ್ರಿ?” ಎಂದು ವ್ಯಾಪಾರಿ ಕೇಳಿದ.

“ಅದನ್ಯಾಕ ಕೇಳ್ತೀರಿ? ನಿಮ್ಮಲ್ಲಿ ಎಲ್ಲಾದಕ್ಕಿಂತ ಚಲೋದು ಯಾವುದೈತಿ, ಅದನ್ನ ಕೊಡ್ರಿ. ಚಲೋದು ಎಲ್ಲಿ ಹಾಕಿದ್ರೂ ಚಲೋನ.”

ಗಿರಾಕಿಯ ಮಾತಿಗೆ ವ್ಯಾಪಾರಿ ಎದುರಾಡಲಿಲ್ಲ. ಇದ್ದುದರಲ್ಲಿ ಉತ್ತಮವಾದದ್ದನ್ನೇ ಕೊಟ್ಟ. ಅದು ಕಲ್ಲುಗುಡ್ಡ ಹತ್ತುವ ಸೈಕಲ್ಲಿಗೆಂದು, ಪೆಡಲಿನ ಪಕ್ಕ ಹಲ್ಲಿನ ಚಕ್ರ ಮೂರಿರುವ ಅಳತೆಗೆ ಮಾಡಿದ ಡಿರೇಲರ್. ಮಗಳ ಸೈಕಲ್ಲೋ ರಸ್ತೆಯಲ್ಲಿ ಓಡುವಂಥದು, ಅದಕ್ಕೆ ಅಂಥ ಚಕ್ರ ಇದ್ದದ್ದು ಎರಡೇ.

ಊರಿಗೆ ತಂದು ಕೂಡಿಸಿದರು. ಗೇರು ಒತ್ತಿದರೆ ಚೈನು ಅರ್ಧಕ್ಕೆ ಹತ್ತಿ ಜಾರಿತು. ರೈತ ಹೊಸದನ್ನು ಬೈಯಲಿಲ್ಲ. ಹೆಚ್ಚು ಬೆಲೆಯದು ತಪ್ಪು ಮಾಡುತ್ತದೆ ಎಂದು ಯಾರು ತಾನೆ ನಂಬುತ್ತಾರೆ? ಹಳೆಯ ಗೇರು ತಂತಿಯನ್ನು ಸಾಕಷ್ಟು ಎಳೆಯುತ್ತಿಲ್ಲ ಎಂದು ಅದನ್ನು ಬಿಚ್ಚಿಸಿ ಬೇರೆ ಗೇರು ಹಾಕಿಸಿದ. ಈಗ ಚೈನು ಹತ್ತಿತು, ಆದರೆ ಡಿರೇಲರಿನ ಬಾಲ ದೊಡ್ಡ ಚಕ್ರಕ್ಕೆ ಉಜ್ಜಿ ಕಿರುಗುಟ್ಟತೊಡಗಿತು. ಹಾಗಾದರೆ ಚಕ್ರವನ್ನೂ ಬದಲಿಸೋಣ ಎಂದ. ಚಕ್ರ ಬದಲಿಸಿದರೆ ಚೈನೂ ಬೇರೆ ಬೇಕಾಗಬಹುದು ಎಂದು ಯಾರೋ ಅಂದರು. ಮೂಗಿಗಿಂತ ಮೂಗುತಿ ಭಾರವಾಯಿತು. ಓಟಕ್ಕೆ ಉಳಿದ ದಿನಗಳು ಕರಗುತ್ತಿದ್ದವು. ಮಗಳಿಗೆ ಅನ್ನ ಸೇರಲಿಲ್ಲ.

ಅವಳು ಕೊನೆಗೆ ತಂದೆಯನ್ನು ಕೇಳಿದಳು:

“ಅಪ್ಪಾ, ಹೋದ ವರ್ಷ ಎಡದ ಎತ್ತು ಸತ್ತಾಗ ಸಂತಿಗೆ ಏನು ಹೊಡಕೊಂಡು ಹೋಗಿದ್ದಿ?”

“ಬಲದ ಎತ್ತು ಹೊಡಕೊಂಡು ಹೋಗಿದ್ದೆ. ಜೋಡಿ ನೋಡದ ಎತ್ತು ಯಾರರ ತರ್ತಾರೇನು? ಎತ್ತರ ನೋಡಬೇಕು, ನಡಿಗಿ ನೋಡಬೇಕು, ಪಕ್ಕದಾಗ ನಿಲ್ಲಿಸಿ…”

ಅವನ ಕಣ್ಣು ಸೈಕಲ್ಲಿನ ಕಡೆ ಹೊರಳಿತು. ಆಳೆತ್ತರದ ಎತ್ತನ್ನು ತನ್ನ ಗಿಡ್ಡ ಎತ್ತಿನ ಜೊತೆ ನೊಗಕ್ಕೆ ಕಟ್ಟುವ ಮೂರ್ಖ ಅವನಲ್ಲ. ಸೈಕಲ್ಲಿಗೆ ಮಾತ್ರ ಅದನ್ನೇ ಮಾಡಿದ್ದ, ಸಾಲದೆಂದು ನೊಗವನ್ನೂ ಬಂಡಿಯನ್ನೂ ಬಯ್ಯುತ್ತ ಕೂತಿದ್ದ.

ಮರುದಿನ ಹಳೆಯ ಗೇರನ್ನು ಮತ್ತೆ ಹಾಕಿಸಿ, ಸೈಕಲ್ಲನ್ನೇ ಬಸ್ಸಿನ ಮೇಲೇರಿಸಿಕೊಂಡು ತಂದೆ ಮಗಳು ಪಟ್ಟಣಕ್ಕೆ ಹೋದರು. ವ್ಯಾಪಾರಿ ಚಕ್ರಗಳನ್ನು ನೋಡಿದ, ಅವುಗಳ ಹಲ್ಲು ಎಣಿಸಿದ, ಡಿರೇಲರ್ ಕಚ್ಚಿ ಕೂಡುವ ಕೊಳವೆಯ ದಪ್ಪ ಅಳೆದ, ಗೇರು ಒತ್ತಿ ತಂತಿ ಎಷ್ಟು ಸರಿಯುತ್ತದೆ ಎಂದು ನೋಡಿದ. ಆಮೇಲೆ ಒಳಗಿನಿಂದ ಹೊಳಪಿಲ್ಲದ ಒಂದು ಸಾದಾ ಡಿರೇಲರ್ ತಂದು ಕೂಡಿಸಿದ. ಮಗಳು ಹಿಂದಿನ ಗಾಲಿಯನ್ನು ಎತ್ತಿ ಹಿಡಿದು ಪೆಡಲು ತಿರುಗಿಸಿದಳು. ರೈತ ಗೇರು ಒತ್ತಿದ. ಚೈನು ಸದ್ದಿಲ್ಲದೆ ದೊಡ್ಡ ಚಕ್ರಕ್ಕೆ ಏರಿತು. ಮತ್ತೆ ಒತ್ತಿದ, ಇಳಿಯಿತು. ಅವನಿಗೆ ಹೋದ ಜೀವ ಬಂದಂತಾಯಿತು. ಅಂಗಡಿಯ ಮೆಟ್ಟಿಲ ಮೇಲೆ ಕೂತು, ವ್ಯಾಪಾರಿ ತರಿಸಿದ ಚಹಾವನ್ನು ಬೇಡವೆನ್ನದೆ ಕುಡಿದ. ಮಗಳು ದಾರಿಯುದ್ದಕ್ಕೂ ನಗುತ್ತಲೇ ಇದ್ದಳು. ಆ ವಾರವೇ ಓಟ ನಡೆಯಿತು, ಅವಳು ಆಯ್ಕೆಯಾದಳು.

ಕತೆ ಮುಗಿಯಿತು. ಗುರುಸಿದ್ದನ ಎದೆಯ ಮೇಲಿನ ಕಲ್ಲು ಸರಿದಂತಾಯಿತು. ಆದರೂ ಒಂದು ಅಳುಕು ಉಳಿದಿತ್ತು.

“ಆ ಮೊದಲಿನ ಡಿರೇಲರ್ ಏನಾತ್ರಿ ಅಜ್ಜಾರ? ತಿಪ್ಪಿಗೆ ಹೋತೇನು?”

“ತಿಪ್ಪಿಗೆ ಯಾಕ ಹೋಗ್ತೈತಿ? ವ್ಯಾಪಾರಿ ಅದನ್ನ ತಿರುಗಿ ತಗೊಂಡು ಗುಡ್ಡದ ಸೈಕಲ್ಲಿಗೆ ಹಾಕಿದ. ಅಲ್ಲಿ ಬೆಣ್ಣಿಯಂಗ ನಡದೈತಿ.”

ಗುರುಸಿದ್ದ ಹಗುರಾದ. ಹಾಗಾದರೆ ತಾನು ಕೆಟ್ಟವನಲ್ಲ, ತಂದವರು ಜೋಡಿ ನೋಡಿರಲಿಲ್ಲ. ತನಗೆ ಹೊಂದುವ ಅಡುಗೆಮನೆ ಇನ್ನೆಲ್ಲೋ ಇದ್ದೀತು. ಅವನು ಅಡ್ಡಬಿದ್ದು, ಗಂಟು ತರಲು ಎದ್ದ.

ಗುರುಗಳು ಹೇಳಿದರು: “ಜೋಡಿಯವರ ಅಳತಿ ಏನು ಅಂತ ಕೇಳಾಕ ಆ ಡಿರೇಲರಿಗೆ ಬಾಯಿ ಇರಲಿಲ್ಲ ಗುರುಸಿದ್ದ, ನಿನಗೈತಿ.”

ಗುರುಸಿದ್ದ ಗಂಟನ್ನು ಅಲ್ಲೇ ಬಿಟ್ಟು, ರೊಟ್ಟಿ ಬಡಿಯುವ ಹೆಂಗಸರ ಕಡೆ ನಡೆದ.