ಕೆಂಚವ್ವನ ಅಂಗೈ

ಬಹಳ ಹಿಂದೆ, ನಮ್ಮಜ್ಜಿಯ ಅಜ್ಜಿಗೂ ಹಲ್ಲು ಬಂದಿರದ ಕಾಲದಲ್ಲಿ, ಒಂದು ಕುರಿಗಾರರ ಹಟ್ಟಿಗೆ ಕೆಂಚವ್ವ ಅಂತ ಸೊಸೆ ಬಂದಳಂತೆ. ಅವಳ ತವರು ಹತ್ತಿ ಬೆಳೆಯುವ ಸೀಮೆ. ಕೊಳೆ ತಿನ್ನುವ ಕ್ಷಾರದ ಚೌಳುಮಣ್ಣಿನ ನೀರಲ್ಲಿ ಕುದಿಸಿ ಬಟ್ಟೆ ಬೆಳ್ಳಗೆ ಮಾಡುವುದರಲ್ಲಿ ಅವಳನ್ನು ಮೀರಿಸುವವರೇ ಇರಲಿಲ್ಲವಂತೆ. ಆ ಜಂಬವೂ ಸ್ವಲ್ಪ ಇತ್ತು ಅನ್ನುತ್ತಾರೆ.

ಒಂದು ಚಳಿಗಾಲ ಅವಳ ನಾದಿನಿ ಏಳು ತಿಂಗಳಿಗೇ ಹೆತ್ತಳು. ಕೂಸು ಅಂಗೈಯಷ್ಟು. ಒರಟು ಕಂಬಳಿ ಹೊದಿಸಿದರೆ ಮೈ ತರಚುತ್ತಿತ್ತು, ಹೊದಿಸದಿದ್ದರೆ ಚಳಿಗೆ ಉಳಿಯುತ್ತಿರಲಿಲ್ಲ. ಕುರಿಗಳೆಲ್ಲ ದೂರದ ಮೇವಿಗೆ ಹೋಗಿದ್ದವು. ಹಟ್ಟಿಯಲ್ಲಿದ್ದದ್ದು ಒಂದೇ ಬುಟ್ಟಿ ಮರಿಯುಣ್ಣೆ, ಮೊದಲ ಸಲ ಕತ್ತರಿಸಿದ್ದು, ಬೆಣ್ಣೆಯಂಥದ್ದು. ಅತ್ತೆ ಮಾಳವ್ವ ಅದನ್ನು ಕೆಂಚವ್ವನ ಕೈಗಿಟ್ಟು ತೊಳೆದು ಕೊಡು ಅಂದಳು.

ಕೆಂಚವ್ವ ತನಗೆ ಗೊತ್ತಿದ್ದಂತೆಯೇ ತೊಳೆದಳು. ಉಣ್ಣೆಯನ್ನೆಲ್ಲ ಚೌಳುನೀರಲ್ಲಿ ನೆನೆಹಾಕಿ, ಅರ್ಧವನ್ನು ಒಲೆಗೇರಿಸಿದಳು. ಆರಿದ ಮೇಲೆ ಮುಚ್ಚಳ ತೆಗೆದರೆ ಉಣ್ಣೆಯೇ ಇಲ್ಲ. ಅಂಬಲಿಯಂಥ ಲೋಳೆ ಬೆರಳ ಸಂದಿಯಿಂದ ಜಾರಿತಂತೆ. ನೆನೆದಿದ್ದ ಉಳಿದರ್ಧವೂ ಹಳದಿಗೆ ತಿರುಗಿ ಬಿರುಸಾಗುತ್ತಿತ್ತು. ಕೂಸನ್ನು ನಾನೇ ಕೊಂದೆ ಅಂತ ಅವಳು ನೆಲಕ್ಕೆ ಕೂತು ಅತ್ತಳು.

ಮಾಳವ್ವ ಬೈಯಲಿಲ್ಲ. ಸೊಸೆಯ ಅಂಗೈ ಚೌಳಿಗೆ ಉರಿದು, ಲೋಳೆಲೋಳೆಯಾಗಿತ್ತು. ಅದರ ಮೇಲೆ ಹುಣಸೆ ಹುಳಿನೀರು ಹೊಯ್ದಳು. ಜಾರುವುದು ನಿಂತಿತು, ಉರಿಯೂ ಇಳಿಯಿತು.

ಕೆಂಚವ್ವ ತನ್ನ ಕೈ ನೋಡಿದಳು, ಉಣ್ಣೆ ನೋಡಿದಳು.

"ಅತ್ತೆ, ಹತ್ತಿ ಗಿಡದಾಗೆ ಬೆಳೀತದೆ. ಉಣ್ಣೆ ನಮ್ಮ ಚರ್ಮದಂಗೆ ಮೈಮ್ಯಾಲೆ ಬೆಳೆದದ್ದಲ್ವಾ? ಕೈಗೆ ಆಗಿದ್ದು ಅದ್ಕೂ ಆಗ್ಯದೆ."

ಉಳಿದ ಉಣ್ಣೆಯನ್ನು ತೆಳು ಹುಳಿನೀರಲ್ಲಿ ಅದ್ದಿದಳು. ಆಮೇಲೆ ಕೂಸಿಗೆ ಎರೆಯುವಷ್ಟೇ ಬೆಚ್ಚಗಿನ ನೀರಲ್ಲಿ, ಹಿಂಡದೆ ತಿಕ್ಕದೆ, ಅಂಟುವಾಳದ ನೊರೆಯಲ್ಲಿ ಮೀಯಿಸಿದಳು. ಒಣಗಿದ ಮೇಲೆ ಒಂದು ಎಳೆ ಎಳೆದು ಬಿಟ್ಟರೆ ಅದು ಸುರುಳಿಯಾಗಿ ಹಿಂದಕ್ಕೆ ಬಂತಂತೆ. ಉಳಿದಷ್ಟು ಉಣ್ಣೆಯಲ್ಲಿ ಆದದ್ದು ಅಂಗೈಯಗಲದ ಎರಡು ಪಟ್ಟು ಕಂಬಳಿ. ಆ ಕೂಸಿಗೆ ಅಷ್ಟೇ ಸಾಕಾಗಿತ್ತು.

ಆ ಕಂಬಳಿ ಉಂಗುರದೊಳಗೆ ತೂರುತ್ತಿತ್ತು ಅನ್ನುತ್ತಾರೆ. ಕೂಸು ದೊಡ್ಡವನಾಗಿ ಹೆಗಲ ಮೇಲೆ ಎರಡು ಟಗರು ಹೊತ್ತು ಹೊಳೆ ದಾಟಿದ ಅನ್ನುತ್ತಾರೆ. ನಾನಂತೂ ನೋಡಿಲ್ಲ, ನಂಬುವವರು ನಂಬಿ.

ಆದರೆ ಇದನ್ನು ನೋಡಿದ್ದೇನೆ. ಇವತ್ತಿಗೂ ಆ ಹಟ್ಟಿಯಲ್ಲಿ ಕೂಸಿನ ಕಂಬಳಿಗೆ ಉಣ್ಣೆ ತೊಳೆದವಳು ಮೊದಲು ಬಾಣಂತಿಯ ಮುಂದೆ ಅಂಗೈ ಚಾಚುತ್ತಾಳೆ. ಬಾಣಂತಿ ಅದನ್ನು ಕೆನ್ನೆಗೆ ಒತ್ತಿಕೊಳ್ಳುತ್ತಾಳೆ. ಕೈ ಮೆತ್ತಗಿದ್ದರೆ ಮಾತ್ರ ಕಂಬಳಿ ಒಳಗೆ ಬರುತ್ತದೆ. ಅದೇ ಹಟ್ಟಿಯಲ್ಲಿ ನನ್ನ ಮಗ ಹುಟ್ಟಿದಾಗ ನಾನೂ ಉಣ್ಣೆ ತೊಳೆದವಳ ಅಂಗೈಯನ್ನು ಹಾಗೆ ಒತ್ತಿಕೊಂಡಿದ್ದೆ. ಆ ಕೈಯಲ್ಲಿ ಇನ್ನೂ ಹುಣಸೆಯ ವಾಸನೆಯಿತ್ತು.