ಮೊದಲ ತುತ್ತು, ಮೊದಲ ಎಲೆ

ಒಂದು ಕಾಡಿನಲ್ಲಿ ಬೂದಯ್ಯನೆಂಬ ನರಿಯಿದ್ದ. ಮರಿಗಳಿಗೆ ಮೊದಲ ತುತ್ತು ಉಣಿಸುವ ದಿನ ಗೊತ್ತುಮಾಡುವುದು ಅವನ ಕೆಲಸ. ಆ ದಿನ ಮನೆಯವರು ಊಟ ಹಾಕಿಸಬೇಕು, ದಿನ ಹೇಳಿದವನಿಗೆ ಮೊದಲ ಎಲೆ. ಹಿರಿಯರು ಇದಕ್ಕೊಂದು ಕಟ್ಟಳೆ ಮಾಡಿಟ್ಟಿದ್ದರು. ಮರಿಯ ಕತ್ತು ನಿಲ್ಲಬೇಕು, ಅದು ತಾನಾಗಿ ಕೂರಬೇಕು, ತಿನ್ನುವವರನ್ನು ಕಂಡು ಕೈ ಚಾಚಬೇಕು. ಅಲ್ಲಿಯವರೆಗೆ ತಾಯಿಯ ಹಾಲೇ ಊಟ.

ಹೊಟ್ಟೆಬಾಕ ಬೂದಯ್ಯನಿಗೆ ಅಷ್ಟು ದಿನ ಕಾಯುವ ತಾಳ್ಮೆ ಎಲ್ಲಿ ಬರಬೇಕು? ಜಾಂಬವ್ವ ಎಂಬ ಕರಡಿಗೆ ಚೊಚ್ಚಲ ಮರಿ ಹುಟ್ಟಿತ್ತು. ಅದಕ್ಕಿನ್ನೂ ಕತ್ತು ನಿಂತಿರಲಿಲ್ಲ. ಬೂದಯ್ಯ ನೋಡಲು ಹೋದಾಗ ಮರಿ ಆಕಳಿಸಿತು. ಅವನಿಗೆ ಅಷ್ಟೇ ಸಾಕಾಯಿತು.

“ಬಾಯಿ ಬಿಟ್ಟಿತೆಂದರೆ ತುತ್ತು ಕೇಳಿತು ಅಂತಲೇ ಅರ್ಥ, ಜಾಂಬವ್ವ. ಬರೀ ಹಾಲು ಕುಡಿಸಿ ಕೂಸನ್ನು ಒಣಗಿಸಬೇಡ.”

ತಾಯಿ ಕರುಳು, ಹೆದರಿತು. ಮರುದಿನವೇ ಅವಳು ಹಲಸಿನ ಹಣ್ಣು ಹಿಸುಕಿ ಉಣಿಸಿದಳು. ಬೂದಯ್ಯ ಮೊದಲ ಎಲೆಗೆ ಕೂತು ಗಡದ್ದಾಗಿ ತಿಂದು, ಮಿಕ್ಕಿದ್ದನ್ನು ಮನೆಗೂ ಕಟ್ಟಿಸಿಕೊಂಡ. ಸಂಜೆಗೆ ಮರಿಯ ಹೊಟ್ಟೆ ಉಬ್ಬಿತು. ಎರಡು ದಿನ ನರಳಿ ಅದು ಕಣ್ಣು ಮುಚ್ಚಿತು.

ಅಳುತ್ತ ಬಂದ ಜಾಂಬವ್ವನಿಗೆ ಆ ಪಾಪಿ ಏನಂದ ಗೊತ್ತೇ? ದಿನ ಒಳ್ಳೆಯದೇ ಇತ್ತಂತೆ, ಅವಳ ಕೈಗುಣ ಸರಿಯಿಲ್ಲವಂತೆ. ಥೂ, ಅವನ ನಾಲಿಗೆಗಿಷ್ಟು! ಜಾಂಬವ್ವ ತನ್ನ ಕೈಗೇ ಶಾಪ ಹಾಕುತ್ತ ಹೋದಳು.

ಮರಿ ಬಾಯಿ ಬಿಟ್ಟು ತುತ್ತು ಕೇಳಿತ್ತು, ಕೆಟ್ಟದ್ದು ಜಾಂಬವ್ವನ ಕೈಗುಣ ಎಂದೇ ಹೆಂಡತಿ ಸಂಪಿಗೂ ಅವನು ಹೇಳಿದ. ಅವಳಿಗೆ ಗಂಡನ ಮಾತೆಂದರೆ ವೇದವಾಕ್ಯ. ಅವರಿಗೂ ಒಂದು ಮರಿಯಿತ್ತು, ಬಹಳ ವರ್ಷ ಕಾದು ಹಡೆದದ್ದು, ಇನ್ನೂ ಹಾಲುಗೂಸು. ಬೂದಯ್ಯ ಇನ್ನೊಬ್ಬರ ಮನೆಯ ಎಲೆಗೆ ಹೋಗಿದ್ದಾಗ ಅದೂ ಆಕಳಿಸಿತು. ಅವನು ತಂದಿಟ್ಟ ಹಲಸಿನ ತೊಳೆ ಮೂಲೆಯಲ್ಲೇ ಇತ್ತು. ತನ್ನ ಕೈಗುಣ ಒಳ್ಳೆಯದೆಂಬ ಧೈರ್ಯದಿಂದ ಸಂಪಿ ಉಣಿಸಿದಳು.

ಬೂದಯ್ಯ ಹೊಟ್ಟೆ ಸವರಿಕೊಳ್ಳುತ್ತ ಬಂದಾಗ, ತೊಳೆ ಗಂಟಲಿಗೆ ಸಿಕ್ಕಿ ಮರಿ ತಣ್ಣಗಾಗಿತ್ತು. ಸಂಪಿ ತನ್ನ ಕೈಯನ್ನೇ ನೋಡುತ್ತ ಕೂತಿದ್ದಳು.

“ಬಾಯಿ ಬಿಟ್ಟಿತು, ಉಣಿಸಿದೆ. ನನ್ನ ಕೈಗುಣವೂ ಸರಿಯಿಲ್ಲವೇನ್ರೀ?”

ಹೌದು ಎಂಬ ಮಾತು ನಾಲಿಗೆಯ ತುದಿಗೆ ಬಂತು. ಮರಿಯ ಮುಖ ನೋಡಿ ಅವನಿಂದ ಆಡಲಾಗಲಿಲ್ಲ.

“ಕೈಯಲ್ಲ ಕಣೇ,” ಅಂದ. “ನನ್ನ ಬಾಯಿ.”

ಈ ಸುದ್ದಿ ಹರಡಿದ ಮೇಲೆ ಕಾಡಿನಲ್ಲಿ ಯಾರೂ ಅವನಿಗೆ ಎಲೆ ಹಾಕಲಿಲ್ಲ. ಸಂಪಿಯೂ ಹಾಕಲಿಲ್ಲ.

ನೀತಿ: ಕೂಸು ತಾನಾಗಿ ಕೂತು ಕೈ ಚಾಚುವವರೆಗೆ ಹಾಲೇ ಊಟ, ತನ್ನ ಹೊಟ್ಟೆಗಾಗಿ ಆತುರಪಡಿಸುವವನ ಮಾತಿಗೆ ಕಿವಿಗೊಡಬಾರದು.